ನೆಲಕ್ಕೆ ಮಲಗಿಸಿದ ಹೋರಿ

ಬ್ಯಾಡಗಿ
6 ನವೆಂಬರ್ 2024

ವಾಣಿ,

ಅಣ್ಣ ಫೋನ್ ಬಿಟ್ಟು ಮೇಲ್ ಯಾಕೆ ಬರೆದ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನಿನ್ನ ಉತ್ತರ ಬಂದಿರುತ್ತದೆ. ಕುಮಾರಪಟ್ಟಣದಲ್ಲಿ ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗಿನಿಂದ ನಿನಗೆ ಅದೇ ರೋಗ. ಬರೆದರೆ ಕೊನೆಯ ಸಾಲಿನವರೆಗೆ ಓದಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿಯ ಮಾರನೆಯ ದಿನ ರಾಣೆಬೆನ್ನೂರ ಕಡೆಯ ಒಂದು ಊರಿನಲ್ಲಿ ಹೋರಿ ಹಬ್ಬ ಇತ್ತು. ಗಾಯವಾದ ಹೋರಿಗಳನ್ನು ನೋಡಲು ದನದ ಡಾಕ್ಟರ್ ಎಂದು ನನ್ನನ್ನು ಕರೆಸಿದ್ದರು. ಅಲ್ಲಿ ಮಂಗಳವ್ವನ ಹೋರಿ ಓಡಿತು. ಈಕೆ ಕಾಗಿನೆಲೆ ಹಾದಿಯ ಹಳ್ಳಿಯವಳು. ಗಂಡ ಮಾಲತೇಶಪ್ಪ ತೀರಿಕೊಂಡ ಮೇಲೆ ಎರಡು ಹೋರಿಗಳನ್ನು ಒಬ್ಬಳೇ ಸಾಕಿದ್ದಾಳೆ. ಒಂದರ ಹೆಸರು ಡಬ್ಬಿ, ಇನ್ನೊಂದು ಕಡ್ಡಿ. ನಮ್ಮ ಮೆಣಸಿನಕಾಯಿಯ ಎರಡು ಜಾತಿಯ ಹೆಸರೇ ಇಟ್ಟಿದ್ದಾಳೆ, ಯಾಕೆಂದರೆ ಒಂದು ದಪ್ಪ, ಇನ್ನೊಂದು ಸಪೂರ. ತನ್ನ ಹೊಟ್ಟೆಗೆ ಇಲ್ಲದಿದ್ದರೂ ಅವಕ್ಕೆ ಗೋಧಿ ನುಚ್ಚು, ತತ್ತಿ ತಪ್ಪಿಸಿದವಳಲ್ಲ.

ಓಡಿದ್ದು ಡಬ್ಬಿ. ಕೊರಳಿನ ಕೊಬ್ಬರಿ ಹಾರ ಕಿತ್ತುಕೊಳ್ಳಲು ಮುಗಿಬಿದ್ದವರಲ್ಲಿ ಒಬ್ಬನ ಕೈಯೂ ಅದಕ್ಕೆ ತಾಗಲಿಲ್ಲ. ಜನ ಸಿಳ್ಳೆ ಹಾಕಿದ್ದೇ ಹಾಕಿದ್ದು. ಆದರೆ ಓಟ ಮುಗಿದರೂ ಅದು ನಿಲ್ಲಲಿಲ್ಲ. ತಂತಿ ಬೇಲಿಗೆ ನುಗ್ಗಿ ಹೆಗಲು ಸೀಳಿಕೊಂಡಿತು. ಬಾಯಲ್ಲಿ ನೊರೆ, ಮೈ ಮುಟ್ಟಿದರೆ ಕೈ ಸುಡುವಷ್ಟು ಕಾವು. ಓಟ ಜೋರಾಗಲೆಂದು ಯಾರೋ ಚುರುಕಿನ ಮದ್ದು ಚುಚ್ಚಿದ್ದಾರೆ ಎಂದು ನನಗೆ ಅನುಮಾನ ಬಂತು. ಹೋರಿ ಓಡಿಸುವವನು ಮಂಗಳವ್ವನ ಅಕ್ಕನ ಮಗ ದುರ್ಗೇಶ, ಮೆಣಸಿನಕಾಯಿ ಪೇಟೆಯಲ್ಲಿ ಟೆಂಪೊ ಹೊಡೆಯುತ್ತಾನೆ. ಅವನನ್ನು ಕೇಳಿದರೆ, "ಏನೂ ಕೊಟ್ಟಿಲ್ರೀ ಸರ್, ದೇವ್ರಾಣಿ" ಎಂದ.

ಅರಿವಳಿಕೆ ಕೊಡಲು ಹೊರಟೆ. ಮಂಗಳವ್ವ ಕೈ ಹಿಡಿದುಕೊಂಡಳು. "ನಿಂತಾಗನ ಹೊಲೀರಿ ಸರ್. ಮಂದಿ ಮುಂದ ಕೆಡವಬ್ಯಾಡ್ರಿ." ಆ ಊರುಗಳಲ್ಲಿ ಹೋರಿ ಜನರೆದುರು ನೆಲಕ್ಕೆ ಒರಗಿದರೆ ದೊಡ್ಡ ಅವಮಾನ. ಮುಂದೆ ಅದಕ್ಕೆ ಯಾರೂ ಕೊಬ್ಬರಿ ಕಟ್ಟುವುದಿಲ್ಲ. ನಾನು ಕೇಳಲಿಲ್ಲ, ಮಲಗಿಸಿದೆ. ಹೊಲಿಗೆ ಹಾಕಿದೆ, ಕೊಡಗಟ್ಟಲೆ ನೀರು ಸುರಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಆ ಕಡೆ ತಿರುಗಿ ನಿಂತಿದ್ದಳು.

ಸಂಜೆಗೆ ಎದ್ದಿತು. ಆದರೆ ತಲೆ ಓರೆಯಾಗಿದೆ. ಗೂಟದ ಸುತ್ತ ಒಂದೇ ದಿಕ್ಕಿಗೆ ಸುತ್ತುತ್ತದೆ. ಮಂಗಳವ್ವ ಕರೆದರೆ ಕಿವಿ ಆಡಿಸುವುದಿಲ್ಲ. ಡಾಕ್ಟರ್ ಮಂಪರಿನ ಸೂಜಿ ಹಾಕಿ ಹೋರಿಯ ಮಿದುಳು ಕೆಡಿಸಿದ ಎಂದು ಪೇಟೆಯಲ್ಲೆಲ್ಲ ಸುದ್ದಿ.

ನೀನು ಇಲಿಗಳಿಗೆ ಇಂಥದ್ದೇ ಚುರುಕಿನ ಮದ್ದು ಕೊಟ್ಟು ಮಿದುಳು ಹೇಗೆ ಹಾಳಾಗುತ್ತದೆ ಎಂದು ನೋಡುವವಳು. ನಾನು ಏನೇನು ಕೊಟ್ಟೆ, ಎಷ್ಟು ಕೊಟ್ಟೆ ಎಂಬುದನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ನನ್ನ ಅರಿವಳಿಕೆಯಿಂದಲೇ ಹೀಗಾಯಿತೇ? ಖರೇ ಹೇಳು. ತಪ್ಪು ನನ್ನದಾಗಿದ್ದರೆ ಹೋಗಿ ಒಪ್ಪಿಕೊಳ್ಳುತ್ತೇನೆ.

ಋಷಿಕೇಶ


ಇಂದೂರು
9 ನವೆಂಬರ್ 2024

ಅಣ್ಣಾ,

ಕೊನೆಯ ಸಾಲಿನವರೆಗೂ ಓದಿದೆ, ಅಮ್ಮನಾಣೆ.

ನಿನಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ನೀನು ಕೊಟ್ಟ ಎರಡು ಔಷಧಗಳಲ್ಲಿ ಒಂದು ಇಲಿಗಳ ಮಿದುಳಿನ ಕೋಶಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ ಎಂಬುದು ಹಳೆಯ ಮಾತು. ದಣಿದು ಕಾದ ದೇಹಕ್ಕೆ ಅದನ್ನು ಕೊಟ್ಟರೆ ಕೇಳುವುದೇ ಬೇಡ. ತಲೆ ಓರೆಯಾಗುವುದು, ಸುತ್ತುವುದು, ಗುರುತು ಹಿಡಿಯದಿರುವುದು ಎಲ್ಲ ಅದಕ್ಕೇ ಹೊಂದುತ್ತವೆ. ದುರ್ಗೇಶ ಏನಾದರೂ ಚುಚ್ಚಿರಲಿ, ಬಿಟ್ಟಿರಲಿ, ಕಾರಣ ನಿನ್ನ ಅರಿವಳಿಕೆಯೇ. ಇಂಥ ವಿಷಯದಲ್ಲಿ ನಾನು ತಪ್ಪುವುದು ಕಡಿಮೆ, ನಿನಗೇ ಗೊತ್ತು. ಹೋಗಿ ಒಪ್ಪಿಕೊಂಡುಬಿಡು. ಬಾಯಿಬಿಟ್ಟು ಹೇಳಿದರೆ ನಿನ್ನ ಮೇಲೆ ಜನರಿಗೆ ಗೌರವವೇ ಹೆಚ್ಚುತ್ತದೆ.

ನನ್ನ ಕಡೆ ಎಲ್ಲ ಚೆನ್ನಾಗಿದೆ. ಬೇರಿನ ರಸದ ಕತೆ ಹೇಳಿದ್ದೆನಲ್ಲ? ಚುರುಕಿನ ಮದ್ದಿನಿಂದ ಹಾಳಾಗಬೇಕಾದ ಇಲಿಯ ಮಿದುಳನ್ನು ಅದು ಕಾಯುತ್ತದೆ. ಇಲಿಗೆ ಅರಿವಳಿಕೆ ಕೊಟ್ಟು, ಸಣ್ಣ ಕೊಳವೆಯಿಂದ ರಸವನ್ನು ನೇರ ಮಿದುಳಿಗೇ ಬಿಡುತ್ತೇವೆ. ಮೂರು ವರ್ಷದ ಕೆಲಸ. ಪ್ರಬಂಧ ಕಳಿಸಿಯಾಗಿದೆ. ಅದು ಅಚ್ಚಾದರೆ ಇಲ್ಲಿ ನನ್ನ ನೌಕರಿ ಕಾಯಂ.

ಅತ್ತಿಗೆಗೆ ಕೇಳಿದೆನೆಂದು ಹೇಳು.

ಶ್ರೀವಾಣಿ


ಬ್ಯಾಡಗಿ
17 ನವೆಂಬರ್ 2024

ವಾಣಿ,

ನಿನ್ನ ಪತ್ರ ಓದಿ ನನಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಎಷ್ಟು ದನಗಳನ್ನು ಮಲಗಿಸಿದ್ದೇನೆ! ಆದರೆ ಮಿದುಳಿನ ಮಾತು ನನಗಿಂತ ನಿನಗೆ ಹೆಚ್ಚು ಗೊತ್ತು.

ಹೋಗಿ ಬಂದೆ. ಅಂಗಳದಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಡಬ್ಬಿ ಗೂಟ ಸುತ್ತುತ್ತಿತ್ತು. ಕೈ ಮುಗಿದು ಹೇಳಿದೆ, "ಮಂಗಳವ್ವಾ, ಇದು ನನ್ನ ಸೂಜಿಯಿಂದ ಆಗ್ಯದ. ನನ್ನ ತಂಗಿ ದೊಡ್ಡ ವಿಜ್ಞಾನಿ ಇದ್ದಾಳ, ಆಕಿನ್ನ ಕೇಳಿದೆ. ತಪ್ಪು ನಂದು."

ಅವಳು ಹೋರಿಯ ಕಡೆ ತಿರುಗಿದಳು. "ಅಂದ್ರ ಓಟದಾಗ ಅದಕ್ಕ ಏನೂ ಆಗಿದ್ದಿಲ್ಲ?"

"ಇಲ್ಲವ್ವಾ."

ಬಾಗಿಲಲ್ಲಿ ನಿಂತಿದ್ದ ದುರ್ಗೇಶ ಉಸಿರು ಬಿಟ್ಟ. "ನಾ ಅಂದಿದ್ದಿಲ್ಲೇನ ಚಿಗವ್ವಾ, ನಮ್ಮ ಕಡಿಂದ ಏನೂ ಆಗಿಲ್ಲ ಅಂತ?" ಎಂದ. ಅವನ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತು. ಪಾಪ, ಅವನಿಗೂ ಹೋರಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ.

ಮಂಗಳವ್ವ ಬೈಯಲಿಲ್ಲ. ಚಹಾ ಕೊಟ್ಟಳು. ಅದನ್ನು ಕುಡಿಯುವುದೇ ನನಗೆ ಕಷ್ಟವಾಯಿತು. ಏಳುವಾಗ, "ಒಪ್ಪಿಕೊಂಡ್ರಲ್ಲ, ಅಷ್ಟ ಸಾಕ್ರಿ" ಎಂದಳು. ನಾಚಿಕೆಯಿಂದ ಬ್ಯಾಡಗಿಯವರೆಗೂ ಗಾಡಿಯ ವೇಗ ಹೆಚ್ಚಿಸಲಾಗಲಿಲ್ಲ.

ಈಗ ದವಾಖಾನೆಗೆ ಜನ ಕಡಿಮೆ. ಬಂದವರೂ "ಮಂಪರಿನ ಸೂಜಿ ಮಾತ್ರ ಬ್ಯಾಡ್ರಿ" ಎಂದು ಮೊದಲೇ ಹೇಳುತ್ತಾರೆ. ಮೊನ್ನೆ ಒಂದು ಎಮ್ಮೆಯ ಕೊಂಬನ್ನು ಹಾಗೆಯೇ ಕೊಯ್ಯಬೇಕಾಯಿತು. ಅದು ಒರಲಿದ್ದು ಇನ್ನೂ ಕಿವಿಯಲ್ಲಿದೆ. ಇರಲಿ, ಮಾಡಿದ್ದನ್ನು ಉಣ್ಣಬೇಕು.

ಋಷಿಕೇಶ


ಇಂದೂರು
20 ಡಿಸೆಂಬರ್ 2024

ಅಣ್ಣಾ,

ಇಷ್ಟು ದಿನ ಬರೆಯಲಿಲ್ಲ, ಕೋಪವಿಲ್ಲ ತಾನೇ? ಇಲ್ಲಿ ಕೆಲಸ ತಲೆಯ ಮೇಲಿದೆ. ನನ್ನ ಪ್ರಬಂಧ ಓದಿದವರೊಬ್ಬರು ಇಲಿಗಳ ಇನ್ನೂ ಒಂದು ಗುಂಪು ಮಾಡಿ ನೋಡಿ ಎಂದು ಬರೆದರು. ಮಾಡಿದೆ. ನಾನು ಎಣಿಸಿದ ಹಾಗೆ ಬರಲಿಲ್ಲ. ನಮ್ಮ ಪ್ರಯೋಗಾಲಯದ ಸಾಹೇಬರು, ಈಗಲೇ ಯಾರಿಗೂ ಹೇಳಬೇಡಿ, ಮಾರ್ಚ್‌ನಲ್ಲಿ ನೌಕರಿಯ ಮಾತು ಮುಗಿಯಲಿ ಎಂದರು. ಸರಿ ಎಂದೆ.

ಒಂದು ಮಾತು. ನವೆಂಬರ್‌ನಲ್ಲಿ ನಾನು ನಿನಗೆ ಬರೆದದ್ದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬೇಡ. ಇಲಿ ಬೇರೆ, ಹೋರಿ ಬೇರೆ. ನಾನು ಹೇಳಿದ್ದು ನೂರಕ್ಕೆ ನೂರು ಸರಿ ಎಂದೇನೂ ಅಲ್ಲ.

ಮತ್ತೆ ಆ ಕಡ್ಡಿಯನ್ನು ಈ ಸಲ ಓಡಿಸುತ್ತಾರೆಯೇ? ಓಡಿಸಬೇಡಿ ಎಂದು ಹೇಳಲು ಆಗುತ್ತದೆಯೇ ನೋಡು. ಯಾಕೆ ಎಂದು ಮಾತ್ರ ಈಗ ಕೇಳಬೇಡ. ನಿನಗೆ ಒಂದು ವಿಷಯ ಹೇಳುವುದಿದೆ. ಧೈರ್ಯ ಬಂದಾಗ ಹೇಳುತ್ತೇನೆ.

ವಾಣಿ


ಬ್ಯಾಡಗಿ
2 ಜನವರಿ 2025

ವಾಣಿ ತಾಯಿ,

ಅಣ್ಣನನ್ನು ಸಮಾಧಾನ ಮಾಡಲು ನಿನ್ನ ವಿಜ್ಞಾನವನ್ನೇ ಸಡಿಲ ಮಾಡುತ್ತೀಯಲ್ಲ! "ನೂರಕ್ಕೆ ನೂರು ಅಲ್ಲ" ಅಂತೆ. ಹಟಮಾರಿ ಶ್ರೀವಾಣಿ ಬರೆದ ಸಾಲೇ ಇದು? ಎಂದು ನಿನ್ನ ಅತ್ತಿಗೆ ಧನಶ್ರೀಗೆ ತೋರಿಸಿದೆ. ಬೇಡ, ನನಗೆ ಸಮಾಧಾನ ಬೇಡ. ಒಪ್ಪಿಕೊಂಡಾಗಿದೆ, ಅದರಿಂದ ಹಗುರಾಗಿದ್ದೇನೆ.

ನಿನ್ನ ಪತ್ರದ ಕೊನೆಯ ಸಾಲಿಗೆ ಇಲ್ಲಿ ಹಬ್ಬವೇ ನಡೆದಿದೆ. ಧೈರ್ಯ ಬಂದಾಗ ಹೇಳುವ ವಿಷಯ ಯಾವುದು ಎಂದು ಧನಶ್ರೀ ಆಗಲೇ ಕಂಡುಹಿಡಿದಿದ್ದಾಳೆ. ಹುಡುಗ ಯಾರು, ಇಂದೂರಿನವನೋ, ನಿನ್ನ ಜೊತೆಯಲ್ಲೇ ಇಲಿ ಹಿಡಿಯುವವನೋ? ಯಾವ ಜಾತಿಯವನಾದರೂ ನಾನು ಅಡ್ಡ ಬರುವುದಿಲ್ಲ. ಅಮ್ಮನನ್ನು ಒಪ್ಪಿಸುವುದು ನನ್ನ ಜವಾಬ್ದಾರಿ. ಮೂವತ್ತನಾಲ್ಕರ ತಂಗಿಯನ್ನು ಇನ್ನು ಯಾವಾಗ ಕಳಿಸಿಕೊಡುವುದು?

ಡಬ್ಬಿ ನಿಧಾನಕ್ಕೆ ಸುಧಾರಿಸುತ್ತಿದೆ. ತಲೆ ಇನ್ನೂ ಓರೆಯೇ. ಆದರೆ ಮೊನ್ನೆ ಮಂಗಳವ್ವನ ದನಿಗೆ ತಿರುಗಿ ನೋಡಿತಂತೆ. ಆಕೆ ಬಸ್ ಹತ್ತಿ ಬಂದು ಹೇಳಿಹೋದಳು. ಗಳಗನಾಥಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ಹರಕೆ ತೀರಿಸಿ ಬರುತ್ತಾಳಂತೆ.

ಕಡ್ಡಿಯ ಮಾತು ತೆಗೆದೆ. ಓಡಿಸಬೇಡ ಎಂದೆ. "ಯಾಕ್ರಿ?" ಎಂದಳು. ನೀನು ಯಾಕೆ ಎಂದು ಹೇಳಿಲ್ಲ, ನಾನು ಏನು ಹೇಳಲಿ? "ಡಬ್ಬಿ ಮಂದಿ ಮುಂದ ಬಿತ್ತು. ಕಡ್ಡಿ ಓಡಿದ್ರ ಮನಿ ಮಾನ ಉಳೀತೈತ್ರಿ" ಎಂದಳು. ಫೆಬ್ರವರಿಯಲ್ಲಿ ಹಾವೇರಿ ಹತ್ತಿರ ಓಡಿಸುತ್ತಾರೆ.

ಹುಡುಗನ ಹೆಸರನ್ನಾದರೂ ಬರೆ.

ಋಷಿಕೇಶ


ಇಂದೂರು
19 ಜನವರಿ 2025

ಅಣ್ಣಾ,

ಅತ್ತಿಗೆಯ ಊಹೆಗೆ ಏನು ಹೇಳಲಿ! ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ. ಮಾರ್ಚ್‌ನಲ್ಲಿ ಊರಿಗೆ ಬಂದಾಗ ಎಲ್ಲ ಹೇಳುತ್ತೇನೆ.

ಡಬ್ಬಿ ತಿರುಗಿ ನೋಡಿತೆಂದು ಓದಿ ಖುಷಿಯಾಯಿತು. ಬಹಳ ಖುಷಿಯಾಯಿತು.

ಕೆಲಸವಿದೆ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ವಾಣಿ


ಬ್ಯಾಡಗಿ
11 ಫೆಬ್ರವರಿ 2025

ವಾಣಿ,

ಕಡ್ಡಿ ಸತ್ತಿತು.

ಭಾನುವಾರ ಓಟ ಇತ್ತು. ಡಬ್ಬಿಗೆ ಆದದ್ದೇ ಮತ್ತೆ ಆಯಿತು. ಗೆದ್ದಿತು, ನಿಲ್ಲಲಿಲ್ಲ. ಅದೇ ನೊರೆ, ಅದೇ ಕಾವು. ನಡುಗುತ್ತ, ಹಲ್ಲು ಕಡಿಯುತ್ತ ಬೇಲಿಯ ಮೂಲೆಯಲ್ಲಿ ನಿಂತಿತ್ತು. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಸಿರಿಂಜಿಗೆ ಅರಿವಳಿಕೆ ತುಂಬಿಕೊಂಡು ಓಡಿದೆ. ಏನೇ ಆಗಲಿ, ಆ ಪ್ರಾಣಿ ಮೊದಲು ತಣ್ಣಗಾಗಬೇಕು ಎಂದು ಅನ್ನಿಸಿತು, ಅಷ್ಟೇ.

ಮಂಗಳವ್ವ ಎರಡೂ ಕೈ ಚಾಚಿ ಅಡ್ಡ ನಿಂತಳು. "ಬ್ಯಾಡ್ರಿ ಸರ್. ನಿಮ್ಮ ಸೂಜಿಯಿಂದ ಆತು ಅಂತ ನೀವ ಹೇಳೀರಿ. ಒಂದ್ ಹೋರಿ ಸಾಕ್ರಿ. ಇದರ ಕಡೆ ಬರಬ್ಯಾಡ್ರಿ."

"ಮಂಗಳವ್ವಾ, ಮೈ ಸುಡಾಕತ್ತದ ನೋಡು" ಎಂದೆ.

"ನೀರು ಹಾಕ್ತೇನಿ. ಸೂಜಿ ಬ್ಯಾಡ."

ನಾನು ಕೈ ಇಳಿಸಿದೆ. ಒತ್ತಾಯ ಮಾಡಲು ನನಗೆ ಯಾವ ಬಾಯಿ ಇತ್ತು? ಅವಳ ಅಂಗಳದಲ್ಲಿ ನಿಂತು ಕೈ ಮುಗಿದವನು ನಾನೇ. ಅವಳು ನೀರು ಸುರಿದಳು, ಅಳುತ್ತ ಸುರಿದಳು. ಹೊತ್ತು ಇಳಿಯುವ ಮೊದಲು ಅದು ನಿಂತಲ್ಲೇ ಕುಸಿಯಿತು. ಮಂದಿಯೆದುರೇ ನೆಲಕ್ಕೆ ಬಿತ್ತು. ತುಂಬಿದ ಸಿರಿಂಜ್ ಇನ್ನೂ ನನ್ನ ಕೈಯಲ್ಲಿತ್ತು.

ದುರ್ಗೇಶ ಅದರ ಕೊರಳ ಮೇಲೆ ಬಿದ್ದು ಅತ್ತ. ಆಮೇಲೆ ನನ್ನ ಹತ್ತಿರ ಬಂದು ಹೇಳಿದ, "ಎರಡೂ ಸಲ ನಾನ ಚುಚ್ಚಿದ್ದು ಸರ್. ಡಬ್ಬಿಗೆ ಹಂಗಾದಾಗ ನನ್ನ ಮದ್ದಿನಿಂದ ಆತೇನೋ ಅಂತ ಅಂಜಿ ಸಾಯ್ತಿದ್ದೆ. ನೀವು ಬಂದು ಸೂಜಿಯಿಂದ ಅಂದ್ರಿ. ಹಂಗಾರ ಈ ಮದ್ದು ಬರೋಬ್ಬರಿ ಐತಿ ಅಂತ ಮತ್ತ ಕೊಟ್ಟೆ."

ಅಂದು ಬಾಗಿಲಲ್ಲಿ ಅವನು ಉಸಿರು ಬಿಟ್ಟದ್ದು ಯಾಕೆಂದು ಈಗ ತಿಳಿಯಿತು. ಎಂಥ ಪೆದ್ದ ನಾನು.

ನಿನ್ನನ್ನು ದೂರುತ್ತಿಲ್ಲ. ಒಂದನ್ನೇ ಕೇಳುತ್ತೇನೆ. ಅವಳನ್ನು ತಳ್ಳಿ ಆ ಸೂಜಿ ಕೊಟ್ಟಿದ್ದರೆ ಕಡ್ಡಿ ಉಳಿಯುತ್ತಿತ್ತೇ, ಇಲ್ಲ ಇನ್ನೂ ಬೇಗ ಸಾಯುತ್ತಿತ್ತೇ? ಎರಡು ದಿನದಿಂದ ಇದೊಂದೇ ತಲೆಯಲ್ಲಿ ತಿರುಗುತ್ತಿದೆ.

ಋಷಿಕೇಶ


ಇಂದೂರು
15 ಫೆಬ್ರವರಿ 2025

ಅಣ್ಣಾ,

ಬಹುಶಃ ಉಳಿಯುತ್ತಿತ್ತು.

ನಾನು ನವೆಂಬರ್‌ನಲ್ಲಿ ಬರೆದದ್ದು ತಪ್ಪು. ನನ್ನ ಇಲಿಗಳ ಕತೆ ಹೇಳಿದರೆ ನಿನಗೆ ಅರ್ಥವಾಗುತ್ತದೆ. ಬೇರಿನ ರಸ ಕೊಟ್ಟ ಇಲಿಗಳ ಮಿದುಳು ಚೆನ್ನಾಗಿತ್ತು, ರಸ ಕೊಡದ ಇಲಿಗಳದು ಹಾಳಾಗಿತ್ತು. ಹಾಗಾಗಿ ರಸವೇ ಕಾಪಾಡಿತು ಎಂದು ನಾನು ಬೀಗಿದೆ. ಆದರೆ ರಸ ಕೊಡಲು ಆ ಇಲಿಗಳಿಗೆ ಅರಿವಳಿಕೆಯನ್ನೂ ಕೊಟ್ಟಿದ್ದೆ. ಉಳಿದವಕ್ಕೆ ಕೊಟ್ಟಿರಲಿಲ್ಲ. ಪ್ರಬಂಧ ಓದಿದವರು ಕೇಳಿದ್ದು ಇದನ್ನೇ. ರಸ ಕೊಡದೆ ಬರೀ ಅರಿವಳಿಕೆ ಕೊಟ್ಟ ಇಲಿಗಳು ಎಲ್ಲಿ ಎಂದು. ಅಂಥ ಗುಂಪು ಮಾಡಿದೆ. ಅವೂ ಚೆನ್ನಾಗಿಯೇ ಇದ್ದವು. ರಸದ ಬದಲು ಬರೀ ನೀರು ಬಿಟ್ಟರೂ ಚೆನ್ನಾಗಿದ್ದವು. ಅಂದರೆ ಕಾಪಾಡಿದ್ದು ರಸವಲ್ಲ, ಅರಿವಳಿಕೆ.

ಚುರುಕಿನ ಮದ್ದು ಮೈಯ ಕಾವನ್ನು ಏರಿಸುತ್ತದೆ. ಕಾದ ಮಿದುಳಿನಲ್ಲಿ ಆ ಮದ್ದು ಹೆಚ್ಚು ಹಾನಿ ಮಾಡುತ್ತದೆ. ನಿದ್ದೆಗೆ ಹಾಕಿದರೆ ದೇಹ ತಣ್ಣಗಾಗುತ್ತದೆ, ಹಾನಿ ಕಡಿಮೆಯಾಗುತ್ತದೆ. ನಾನು ನಿನಗೆ ಹೇಳಿದ ಗುಳ್ಳೆಗಳ ಮಾತು ಬೇರೆ ಪ್ರಮಾಣದ, ಬೇರೆ ಸಂದರ್ಭದ ಮಾತು. ಅದನ್ನು ತಂದು ನಿನ್ನ ಹೋರಿಗೆ ಅಂಟಿಸಿದೆ. ಹೋರಿಗಳ ಮಿದುಳನ್ನು ಯಾರೂ ತೆರೆದು ನೋಡಿಲ್ಲ, ಅದಕ್ಕೇ "ಬಹುಶಃ" ಎಂದೆ. ಆದರೆ ನನ್ನ ಮನಸ್ಸಿನಲ್ಲಿ ಅನುಮಾನವಿಲ್ಲ. ಡಬ್ಬಿ ಬದುಕಿದ್ದು ನೀನು ಮಲಗಿಸಿದ್ದರಿಂದ. ಅದಕ್ಕೆ ಆದ ಹಾನಿ ಮಲಗಿಸುವ ಮೊದಲೇ ಆಗಿತ್ತು.

ಇದು ನನಗೆ ಗೊತ್ತಾದದ್ದು ಕಳೆದ ವಾರವಷ್ಟೇ. ಬರೆಯಬೇಕು ಎನ್ನುವಷ್ಟರಲ್ಲಿ ನಿನ್ನ ಪತ್ರ ಬಂತು.

ಮಂಗಳವ್ವನಿಗೆ ಹೇಳು, ನನ್ನ ಪರವಾಗಿ ಕ್ಷಮೆ ಕೇಳು. ತಲೆ ತಗ್ಗಿಸಿ ಕುಳಿತಿದ್ದೇನೆ.

ವಾಣಿ


ಬ್ಯಾಡಗಿ
24 ಫೆಬ್ರವರಿ 2025

ವಾಣಿ,

ನಿನ್ನ ಪತ್ರ ಓದಿ ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಅತ್ತೆ. ನಾಚಿಕೆಯಿಲ್ಲದೆ ಅತ್ತೆ. ಡಬ್ಬಿಯನ್ನು ಕೆಡಿಸಿದವನು ನಾನಲ್ಲ ಎಂದು ಒಂದು ಕಣ್ಣು ಅತ್ತರೆ, ಕಡ್ಡಿಯನ್ನು ಕೈಯಾರೆ ಬಿಟ್ಟುಕೊಟ್ಟೆ ಎಂದು ಇನ್ನೊಂದು.

ಆದರೆ ನಿನ್ನ ಪರವಾಗಿ ಕ್ಷಮೆ ಕೇಳಲು ನಾನು ಹೋಗುವುದಿಲ್ಲ. ನಿನ್ನ ಮಾತನ್ನು ಒಮ್ಮೆ ಆ ಅಂಗಳಕ್ಕೆ ಹೊತ್ತುಕೊಂಡು ಹೋಗಿದ್ದೆ. ಈಗ ಹೋಗಿ ಅದು ಸುಳ್ಳು, ಇದು ನಿಜ ಎಂದರೆ, ತನ್ನ ತಲೆ ಉಳಿಸಿಕೊಳ್ಳಲು ಮಾತು ತಿರುಗಿಸಿದ ಎನ್ನುತ್ತಾರೆ. ನೀನೇ ಬಾ. ಮಂಗಳವ್ವನಿಗೆ ಹೇಳು, ದುರ್ಗೇಶನಿಗೆ ಹೇಳು, ಹೋರಿ ಓಡಿಸುವವರನ್ನೆಲ್ಲ ಕರೆಸುತ್ತೇನೆ, ಅವರಿಗೂ ಹೇಳು. ಆ ಮದ್ದು ಇನ್ನೂ ಎಷ್ಟು ಮನೆಗಳಲ್ಲಿದೆಯೋ.

ಕೋಪ ಇಲ್ಲವೇ ಎಂದರೆ ಇದೆ. ನವೆಂಬರ್‌ನಲ್ಲಿ ಅಷ್ಟು ಜಂಬದಿಂದ ಬರೆದದ್ದಕ್ಕೆ ಇದೆ. ಆದರೆ ತಪ್ಪು ಯಾರಿಗೆ ಆಗುವುದಿಲ್ಲ? ಗೊತ್ತಾದ ಕೂಡಲೇ ಮುಚ್ಚಿಡದೆ ಹೇಳಿದೆ, ಅದು ದೊಡ್ಡದು. ಧನಶ್ರೀ ಮೊನ್ನೆ ಒಂದು ಕೊಕ್ಕೆ ಹಾಕಿದಳು. "ಡಿಸೆಂಬರ್‌ನ್ಯಾಗ ವಾಣಿ ಕಡ್ಡಿನ್ನ ಓಡಿಸಬ್ಯಾಡ್ರಿ ಅಂತ ಬರದಿದ್ಲಲ್ಲ, ಆವಾಗ ಆಕಿಗೆ ಗೊತ್ತಿತ್ತೇನು?" ಎಂದಳು. ನಾನು ಅವಳ ಮೇಲೆ ರೇಗಿಬಿಟ್ಟೆ. ನನ್ನ ತಂಗಿಯನ್ನು ಏನೆಂದು ತಿಳಿದಿದ್ದೀಯ, ಅವಳು ಆತುರದವಳು, ಕೆಟ್ಟವಳಲ್ಲ ಎಂದೆ. ಅವಳು ಎರಡು ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ.

ಬಾ. ಹಾವೇರಿ ಸ್ಟೇಶನ್ನಿಗೆ ನಾನೇ ಬರುತ್ತೇನೆ.

ಋಷಿಕೇಶ


ಇಂದೂರು
18 ಮಾರ್ಚ್ 2025

ಅಣ್ಣಾ,

ಸುಖವಾಗಿ ತಲುಪಿದೆ. ಬಂದ ದಿನವೇ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದೆ. ಸಾಹೇಬರು ಕೂಗಾಡಿದರು. ಕಾಯಂ ಆಗುವ ಮಾತು ಇನ್ನಿಲ್ಲ, ಜೂನ್‌ವರೆಗೆ ಇಟ್ಟುಕೊಳ್ಳುತ್ತಾರಂತೆ. ಇದನ್ನು ನಿನ್ನ ಕನಿಕರಕ್ಕಾಗಿ ಬರೆಯುತ್ತಿಲ್ಲ. ನೀನು ಬೇರೆ ಯಾರಿಂದಲೋ ಕೇಳುವುದು ಬೇಡ ಎಂದು ಬರೆದೆ.

ಹೋರಿ ಓಡಿಸುವವರೆದುರು ನಾನು ಮಾತಾಡಿದ್ದನ್ನು ನೀನು ಕೇಳಿದ್ದೀಯ. ದುರ್ಗೇಶ ಉಳಿದ ಮದ್ದನ್ನು ಎಲ್ಲರೆದುರು ಕಲ್ಲಿನಿಂದ ಜಜ್ಜಿದ್ದನ್ನೂ ನೋಡಿದ್ದೀಯ. ಆದರೆ ಅದಕ್ಕೂ ಮೊದಲು ನಾನು ಒಬ್ಬಳೇ ಮಂಗಳವ್ವನ ಮನೆಯೊಳಗೆ ಹೋದೆನಲ್ಲ, ನೀನು ಹೊರಗೆ ಗಾಡಿಯ ಹತ್ತಿರ ನಿಂತಿದ್ದೆ. ಒಳಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಹಿಂದಿರುಗುವ ಹಾದಿಯಲ್ಲಿ ನೀನು "ಏನಂದ್ಲು?" ಎಂದು ಕೇಳಿದೆ. ನಾನು "ಬೈದಳು" ಎಂದೆ. "ಬೈಲಿ ಬಿಡು, ಬೈದ್ರ ಆಕಿಗೂ ಹಗುರ ಆಗ್ತದ" ಎಂದೆ ನೀನು. ಅವಳು ಬೈಯಲಿಲ್ಲ, ಅಣ್ಣಾ.

ನಾನು ಎಲ್ಲವನ್ನೂ ಹೇಳಿದೆ. ಇಲಿ, ಅರಿವಳಿಕೆ, ನಿನ್ನ ಸೂಜಿಯೇ ಡಬ್ಬಿಯನ್ನು ಉಳಿಸಿದ್ದು, ಎಲ್ಲ. ಅವಳು ಕಾಳು ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಮುಗಿದ ಮೇಲೆ ಒಂದೇ ಕೇಳಿದಳು. "ಇದು ನಿಮಗ ಯಾವಾಗ ತಿಳೀತ್ರಿ ಅಕ್ಕಾರ?"

ನಿನಗೆ ಬರೆದ ಸುಳ್ಳನ್ನೇ ಅವಳಿಗೂ ಹೇಳಬೇಕೆಂದು ಹೋಗಿದ್ದೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ.

ಆಗ ಅವಳ ಕೈ ನಿಂತಿತು. ಹಿತ್ತಲಿನಲ್ಲಿ ಡಬ್ಬಿ ಮೇವು ತಿನ್ನುವ ಸದ್ದು ಕೇಳುತ್ತಿತ್ತು. ನನ್ನ ಕೆನ್ನೆಗೆ ಹೊಡೆಯಲಿ, ಹೊರಗೆ ನೂಕಲಿ ಎಂದು ಕಾದೆ. ಅವಳು ಎದ್ದು ಹೋಗಿ ಬಾಗಿಲಿನಿಂದ ನಿನ್ನನ್ನು ಇಣುಕಿ ನೋಡಿ ಬಂದಳು. ಆಮೇಲೆ ದನಿ ತಗ್ಗಿಸಿದಳು.

"ಇದನ್ನ ನಿಮ್ಮ ಅಣ್ಣಾರ ಮುಂದ ಹೇಳಬ್ಯಾಡ್ರಿ. ನಿಮ್ಮ ಮಾತು ನಂಬಿ ನನ್ನ ಅಂಗಳದಾಗ ನಿಂತು ಕೈ ಮುಗದಾರ ಅವರು. ನನ್ನ ತಂಗಿ, ನನ್ನ ತಂಗಿ ಅಂತ ನಾಕ್ ಸಲ ಅಂದಾರ. ತಂಗಿ ಗೊತ್ತಿದ್ದೂ ಸುಮ್ಮನ ಕುಂತಿದ್ಲು ಅಂತ ತಿಳದ್ರ ಅವರು ಮತ್ತ ಯಾರ ಅಂಗಳಕ್ಕೂ ಬರೂದಿಲ್ರಿ. ನಮ್ಮ ದನಕ್ಕ ಡಾಕ್ಟರ್ ಬೇಕು. ನನ್ನ ಕಡ್ಡಿ ಅಂತೂ ಹೋತು."

ಅಷ್ಟು ಹೇಳಿ ಮತ್ತೆ ಕಾಳು ಆರಿಸಲು ಕುಳಿತಳು. ನಾನು ಅವಳ ಕಾಲು ಮುಟ್ಟಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

ರೈಲಿನುದ್ದಕ್ಕೂ ಅವಳ ಮಾತು ಕೇಳಿ ಸುಮ್ಮನಿದ್ದುಬಿಡಬೇಕೆಂದೇ ಇದ್ದೆ. ಅವಳೇ ಹೇಳಿದ್ದಾಳಲ್ಲ ಎಂಬ ನೆಪವೂ ಸಿಕ್ಕಿತ್ತು. ಆದರೆ ಸುಮ್ಮನಿದ್ದರೆ ಮೊದಲು ಮಾಡಿದ್ದನ್ನೇ ಮತ್ತೆ ಮಾಡಿದ ಹಾಗೆ. ನನಗೆ ನನ್ನ ಮೇಲೆಯೇ ಹೇಸಿಕೆಯಾಗುತ್ತಿದೆ. ಅವಳ ಮಾತು ಮೀರುತ್ತಿದ್ದೇನೆ. ನೀನು ಮಾತ್ರ ಅವಳ ಅಂಗಳಕ್ಕೆ ಹೋಗುವುದನ್ನು ಬಿಡಬೇಡ.

ಇಲಿಗಳ ಆ ಫಲಿತಾಂಶ ನನ್ನ ಕೈಗೆ ಬಂದದ್ದು ಫೆಬ್ರವರಿಯಲ್ಲಲ್ಲ, ಡಿಸೆಂಬರ್ ಮೊದಲ ವಾರದಲ್ಲಿ. ನೌಕರಿ ಕಾಯಂ ಆಗಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಹುಡುಗ ಎಂದು ನೀವು ಸಂಭ್ರಮಪಟ್ಟಾಗಲೂ ಆ ಸಂಭ್ರಮದ ಹಿಂದೆ ಅಡಗಿಕೊಂಡೆ. ಹುಡುಗ ಯಾರೂ ಇಲ್ಲ.

ನನ್ನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಅತ್ತಿಗೆ ಕೇಳಿದ್ದು ಸರಿಯಾಗಿತ್ತು. ಅವರ ಮೇಲೆ ರೇಗಿದ್ದೆಯಲ್ಲ, ಈ ಪತ್ರ ಓದಿ ಮುಗಿಸಿ ಮೊದಲು ಒಳಗೆ ಹೋಗಿ ಅವರ ಕ್ಷಮೆ ಕೇಳು.

ಶ್ರೀವಾಣಿ